ಉಪ್ಪು ಮತ್ತು ಅಣುಗಳ ಕುಂಚ

ಹಲ್ಲುಜ್ಜುವ ಬ್ರಷ್ಷನ್ನು ನಾವು ದಿನವೂ ಕೈಗೆತ್ತಿಕೊಳ್ಳುತ್ತೇವೆ. ಅದರ ಎಳೆಗಳನ್ನು ಒತ್ತಾಗಿ ನೆಟ್ಟಿರುವುದರಿಂದ ಅವು ಒಂದಕ್ಕೊಂದು ಆತು ನೆಟ್ಟಗೆ ನಿಂತಿರುತ್ತವೆ. ಇಂತಹುದೇ ಕುಂಚವೊಂದನ್ನು ಕಣ್ಣಿಗೆ ಕಾಣದ ಅಳತೆಯಲ್ಲಿ ಕಲ್ಪಿಸಿಕೊಳ್ಳೋಣ. ಎಳೆಗಳ ಬದಲು ಅಲ್ಲಿ ಪಾಲಿಮರ್ ಎಂಬ ಉದ್ದನೆಯ ಅಣುಸರಪಣಿಗಳು ಇರುತ್ತವೆ. ಪ್ರತಿಯೊಂದು ಸರಪಣಿಯ ಒಂದು ತುದಿ ಮೇಲ್ಮೈಗೆ ಅಂಟಿರುತ್ತದೆ. ಇನ್ನೊಂದು ತುದಿ ನೀರಿನಲ್ಲಿ ಸ್ವತಂತ್ರವಾಗಿರುತ್ತದೆ. ಇದಕ್ಕೆ ಪಾಲಿಮರ್ ಕುಂಚವೆಂದು ಹೆಸರು.

ಈ ಸರಪಣಿಗಳು ಋಣ ವಿದ್ಯುದಂಶವನ್ನು ಹೊತ್ತಿದ್ದರೆ, ಅದನ್ನು ಸರಿದೂಗಿಸಲು ಅಷ್ಟೇ ಧನಾಂಶವುಳ್ಳ ಸೋಡಿಯಂ ಅಯಾನುಗಳು ಕುಂಚದೊಳಗೇ ನೆಲೆಸಬೇಕಾಗುತ್ತದೆ. ಸರಪಣಿಗಳ ಸೆಳೆತದಿಂದಾಗಿ ಅವು ಹೊರಗೆ ಹೋಗಲಾರವು. ಒಳಗೆ ಅಯಾನುಗಳ ದಟ್ಟಣೆ, ಹೊರಗೆ ಬರಿಯ ನೀರು. ಆದುದರಿಂದ ನೀರು ಒಳಕ್ಕೆ ನುಗ್ಗುತ್ತದೆ. ಕುಂಚ ಉಬ್ಬಿ, ಸರಪಣಿಗಳು ನಿಮಿರುತ್ತವೆ. ಇದೇ ಅಭಿಸರಣ ಒತ್ತಡ. ಸರಪಣಿಗಳು ಪರಸ್ಪರ ವಿಕರ್ಷಿಸುವುದೊಂದೇ ಕಾರಣವೆಂದು ನಮಗೆ ಮೊದಲು ತೋರಬಹುದು; ಆದರೆ ಮುಖ್ಯ ಕಾರಣ ಒಳಗೆ ಸೆರೆಯಾದ ಈ ಅಯಾನುಗಳೇ.

ಈಗ ಆ ನೀರಿಗೆ ಅಡುಗೆಯ ಉಪ್ಪನ್ನು ಬೆರೆಸಿದರೆ ಏನಾಗುವುದು? ಉಪ್ಪು ಸ್ವಲ್ಪವೇ ಇದ್ದರೆ ಕುಂಚ ಹೆಚ್ಚು ಬದಲಾಗುವುದಿಲ್ಲ. ಹೊರಗಿನ ಅಯಾನುಗಳು ಒಳಗಿನವುಗಳಿಗಿಂತ ಇನ್ನೂ ಬಹಳ ವಿರಳ. ಹೊರಗಿನ ದಟ್ಟಣೆ ಒಳಗಿನದನ್ನು ಸಮೀಪಿಸತೊಡಗಿದಾಗ ಒಳಹೊರಗಿನ ಅಂತರ ಕುಗ್ಗುತ್ತದೆ, ನೀರು ಹಿಂದಿರುಗುತ್ತದೆ, ಕುಂಚ ತಗ್ಗುತ್ತದೆ. 1991ರಲ್ಲಿ ಅಮೆರಿಕದ ವಿಜ್ಞಾನಿ ಫಿಲಿಪ್ ಪಿಂಕಸ್ ಇದರ ಲೆಕ್ಕವನ್ನು ಪ್ರಕಟಿಸಿದರು. ಆ ಲೆಕ್ಕದಂತೆ, ಈ ಸ್ಥಿತಿಯಲ್ಲಿ ಉಪ್ಪು 8 ಮಡಿಯಾದರೆ ಕುಂಚದ ಎತ್ತರ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕೆ ಹತ್ತಿರದ ಪ್ರಯೋಗವೊಂದನ್ನು ಗುರುಗಳ ಸಮ್ಮುಖದಲ್ಲಿ ನಾವೇ ಮಾಡಬಹುದು. ಶಿಶುಗಳ ಡೈಪರಿನೊಳಗೆ ನೀರು ಹೀರುವ ಬಿಳಿಯ ಹರಳುಗಳಿರುತ್ತವೆ. ಅವೂ ಋಣಾಂಶವುಳ್ಳ ಪಾಲಿಮರ್. ಕುಂಚವಲ್ಲದೆ ಬಲೆಯ ರೂಪದಲ್ಲಿದ್ದರೂ, ನೀರನ್ನು ಹಿಡಿಯುವ ಕಾರಣ ಒಂದೇ. ಅವುಗಳ ಪುಡಿ ಕಣ್ಣುಮೂಗುಗಳಿಗೆ ಹೋಗದಂತೆ ನೋಡಿಕೊಂಡು, ಹರಳುಗಳನ್ನು ಲೋಟದಲ್ಲಿ ಹಾಕಿ ನೀರೆರೆದರೆ ಗಟ್ಟಿ ಅಂಟುಮುದ್ದೆಯಾಗುತ್ತದೆ. ಅದರ ಮೇಲೆ ಉಪ್ಪು ಉದುರಿಸಿ ಕಲಕಿದರೆ ಮುದ್ದೆ ಸಡಿಲಗೊಂಡು ನೀರು ಬಿಡುತ್ತದೆ.

ಉಪ್ಪಿನ ಪ್ರಮಾಣದಂತೆ ಅದರ ಜಾತಿಯೂ ಮುಖ್ಯ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನಾಂಶ, ಇಟ್ರಿಯಂ ಅಯಾನಿಗೆ ಮೂರು. ಮೂರು ಸೋಡಿಯಂಗಳು ಮಾಡುವ ಕೆಲಸಕ್ಕೆ ಒಂದೇ ಇಟ್ರಿಯಂ ಸಾಕು. ಆದುದರಿಂದ ಒಳಗಿನ ಅಯಾನುಗಳ ಸಂಖ್ಯೆ ಇಳಿದು ಒತ್ತಡವೂ ಇಳಿಯುತ್ತದೆ. ಅಷ್ಟೇ ಅಲ್ಲ, ಅಂತಹ ಅಯಾನು ಎರಡು ಸರಪಣಿಗಳನ್ನು ಏಕಕಾಲಕ್ಕೆ ಹಿಡಿದು ಸೇತುವೆಯಂತೆ ಬಿಗಿಯುತ್ತದೆ. ಇಂತಹ ಅಯಾನುಗಳು ಅತ್ಯಲ್ಪವಿದ್ದರೂ ಕುಂಚ ಕುಸಿದು, ಒಂದರ ಮೇಲೊಂದು ಜಾರುವ ಕುಂಚಗಳ ನಡುವಣ ಘರ್ಷಣೆ ಬಹಳವಾಗಿ ಹೆಚ್ಚುವುದನ್ನು 2018ರಲ್ಲಿ ಸಂಶೋಧಕರು ಅಳೆದು ತೋರಿಸಿದರು.

ಘರ್ಷಣೆಯ ಮಾತು ನಮ್ಮ ದೇಹಕ್ಕೂ ಸಂಬಂಧಿಸಿದುದು. ಮೊಣಕಾಲಿನ ಮೃದ್ವಸ್ಥಿಯಲ್ಲಿ ಅಗ್ರೆಕಾನ್ ಎಂಬ ಅಣುವುಂಟು. ಅದು ಬಾಟಲಿ ತೊಳೆಯುವ ಕುಂಚದ ಆಕಾರದ್ದು, ಋಣಾಂಶವುಳ್ಳದ್ದು. ಅದು ಹಿಡಿದಿಟ್ಟ ನೀರಿನ ಒತ್ತಡವೇ ನಾವು ಮೆಟ್ಟಿಲೇರುವಾಗ ಮೈಭಾರವನ್ನು ತಾಳುತ್ತದೆ. ಹಾಗೆಂದು ಊಟದ ಉಪ್ಪಿನಿಂದ ಮೊಣಕಾಲು ಒಣಗುವುದೆಂದು ಯಾರೂ ಭಾವಿಸಬಾರದು. ದೇಹದ್ರವಗಳ ಉಪ್ಪನ್ನು ಮೂತ್ರಪಿಂಡಗಳು ಒಂದೇ ಮಟ್ಟದಲ್ಲಿ ಕಾಯುತ್ತವೆ. ಆದರೆ ಕೃತಕ ಕೀಲುಗಳಿಗೆ ಇಂತಹ ಕುಂಚದ ಲೇಪವನ್ನು ಕೊಡಬಯಸುವವರು, ಅದು ಶುದ್ಧ ನೀರಿನಲ್ಲಿ ನುಣುಪಾಗಿದೆಯೆಂದು ತೃಪ್ತರಾಗುವಂತಿಲ್ಲ. ಸೋಡಿಯಂ, ಕ್ಯಾಲ್ಸಿಯಂಗಳೆರಡೂ ಇರುವ ದೇಹದ್ರವದಲ್ಲಿಯೂ ಅದನ್ನು ಪರೀಕ್ಷಿಸಬೇಕು. ಒಂದು ವಸ್ತುವಿನ ಗುಣವನ್ನು ಅರಿಯಬೇಕಾದರೆ ಅದು ಕೆಲಸಮಾಡುವ ಪರಿಸರವನ್ನೂ ನಾವು ಅರಿತಿರಬೇಕು.