ಹಳೆಯ ಜೂಕ್‌ಬಾಕ್ಸ್‌ನ ಧ್ವನಿದೋಷ: ವಾಲ್ವ್ ಕೊಳ್ಳುವ ಮುನ್ನ

ಕಾಸು ಹಾಕಿ ಗುಂಡಿ ಒತ್ತಿದರೆ ಕೇಳಿದ ಹಾಡನ್ನು ತಾನೇ ಹುಡುಕಿ ನುಡಿಸುವ ಜೂಕ್‌ಬಾಕ್ಸ್, ಅಮೆರಿಕದ ಹೋಟೆಲು ಮತ್ತು ಮದ್ಯದಂಗಡಿಗಳಲ್ಲಿ ಬೆಳೆದ ಯಂತ್ರ. ನಿಮಿಷಕ್ಕೆ 78 ಸುತ್ತಿನ ರೆಕಾರ್ಡು ನುಡಿಸುತ್ತಿದ್ದ 1946ರ ವುರ್ಲಿಟ್ಜರ್ 1015, 45 ಸುತ್ತಿನ ರೆಕಾರ್ಡನ್ನು ಈ ಯಂತ್ರಕ್ಕೆ ತಂದ 1950ರ ಸೀಬರ್ಗ್ ಎಂ100ಬಿ ಮೊದಲಾದ ಮಾದರಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಇಂತಹ ಯಂತ್ರದ ಧ್ವನಿ ಕೆಟ್ಟಾಗ ಬಹುತೇಕ ಮಾಲೀಕರು ಮೊದಲು ಮಾಡುವ ಕೆಲಸವೆಂದರೆ, ಧ್ವನಿಯನ್ನು ವರ್ಧಿಸುವ ಗಾಜಿನ ಬುರುಡೆಗಳಾದ ವಾಲ್ವ್‌ಗಳನ್ನು ದುಬಾರಿ ಬೆಲೆಗೆ ತರಿಸಿ ಬದಲಿಸುವುದು. ದೋಷ ಯಾವ ಹಂತದಲ್ಲಿದೆ ಎಂಬುದು ತಿಳಿಯುವ ಮೊದಲು ಬಿಡಿಭಾಗ ಕೊಳ್ಳುವುದು ಹಣದ ಅಪವ್ಯಯವಷ್ಟೇ ಅಲ್ಲ, ಹೊಸ ವಾಲ್ವನ್ನು ಹಾಳುಮಾಡುವ ಮಾರ್ಗವೂ ಹೌದು.

ವಾಲ್ವ್ ಆಂಪ್ಲಿಫೈಯರಿನೊಳಗೆ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತು ಇರುವುದು ಸಾಮಾನ್ಯ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ, ಎಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳಲ್ಲಿ, ಉಳಿದಿರುತ್ತದೆಯಾದ್ದರಿಂದ ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ನಂತರವೇ ಒಳಗೆ ಕೈಯಿಡಬೇಕು.

ಮೊದಲು ಪರೀಕ್ಷಿಸಬೇಕಾದದ್ದು ರೆಕಾರ್ಡು ತಿರುಗುವ ವೇಗ. ಭಾರತದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಅಮೆರಿಕದ ವಿದ್ಯುತ್ತು ಸುಮಾರು 120 ವೋಲ್ಟ್ ಮತ್ತು 60 ಹರ್ಟ್ಸ್. ಭಾರತದ್ದು 230 ವೋಲ್ಟ್ ಮತ್ತು 50 ಹರ್ಟ್ಸ್. ಹರ್ಟ್ಸ್ ಎಂದರೆ ವಿದ್ಯುತ್ ಪ್ರವಾಹವು ಒಂದು ಸೆಕೆಂಡಿನಲ್ಲಿ ಪೂರೈಸುವ ಆವರ್ತನಗಳ ಸಂಖ್ಯೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. ರೆಕಾರ್ಡನ್ನು ತಿರುಗಿಸುವ ಎಸಿ ಮೋಟರಾದರೋ ಆವರ್ತನವನ್ನೇ ಅನುಸರಿಸಿ ನಡೆಯುತ್ತದೆ. ಪರಿಣಾಮವಾಗಿ 45 ಸುತ್ತಬೇಕಾದ ರೆಕಾರ್ಡು 37.5 ಸುತ್ತು ಮಾತ್ರ ತಿರುಗಿ, ಹಾಡು ಎಳೆದಾಡುವುದಲ್ಲದೆ ಶ್ರುತಿಯೂ ಮೂರು ಸ್ವರಸ್ಥಾನಗಳಷ್ಟು ತಗ್ಗುತ್ತದೆ. ಪಂಚಮದಲ್ಲಿ ಕೇಳಬೇಕಾದ ಸ್ವರ ಅಂತರ ಗಾಂಧಾರದಲ್ಲಿ ಕೇಳುತ್ತದೆ. ಮೂಲ ಹಾಡಿನ ಪರಿಚಯವಿಲ್ಲದವರು ಇದನ್ನು ಹಳೆಯ ಯಂತ್ರದ ಗಂಭೀರ ನಾದವೆಂದೇ ಮೆಚ್ಚಿಕೊಳ್ಳುವುದುಂಟು.

ವೇಗ ಅಳೆಯುವ ಸ್ಟ್ರೋಬ್ ತಟ್ಟೆಯೂ ಇಲ್ಲಿ ಮೋಸಮಾಡುತ್ತದೆ. ಅಂಚಿನಲ್ಲಿ ಕಪ್ಪು ಗೆರೆಗಳಿರುವ ಈ ತಟ್ಟೆಯನ್ನು ರೆಕಾರ್ಡಿನ ಮೇಲಿಟ್ಟು ವಿದ್ಯುದ್ದೀಪದ ಬೆಳಕಿನಲ್ಲಿ ನೋಡಿದಾಗ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯೆಂದು ಅರ್ಥ. ಆದರೆ 60 ಹರ್ಟ್ಸ್ ವಿದ್ಯುತ್ತಿಗೆ ರೂಪಿಸಿದ ತಟ್ಟೆಯಲ್ಲಿ 45 ಸುತ್ತಿನ ವೇಗಕ್ಕೆ 160 ಗೆರೆಗಳಿರುತ್ತವೆ. ಭಾರತದ ನಿಯಾನ್ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಆ ಗೆರೆಗಳು ನಿಂತಂತೆ ಕಾಣುವುದು ಸರಿಯಾಗಿ 37.5 ಸುತ್ತಿನಲ್ಲಿ. ಹೀಗೆ ತಪ್ಪು ವೇಗವನ್ನು ತಪ್ಪು ಅಳತೆಗೋಲೇ ಸರಿಯೆಂದು ಪ್ರಮಾಣೀಕರಿಸಿದ ಮೇಲೆ ಮಾಲೀಕರ ಸಂಶಯ ಸಹಜವಾಗಿ ಆಂಪ್ಲಿಫೈಯರಿನತ್ತ ತಿರುಗುತ್ತದೆ. ರೆಕಾರ್ಡಿನ ಲೇಬಲಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಹಿಡಿದು ಒಂದು ನಿಮಿಷ ಸುತ್ತು ಎಣಿಸುವುದೇ ಎಲ್ಲಕ್ಕಿಂತ ನಂಬಿಕೆಯ ವಿಧಾನ.

ರಬ್ಬರ್ ಚಕ್ರದ ಮೂಲಕ ರೆಕಾರ್ಡನ್ನು ತಿರುಗಿಸುವ ಯಂತ್ರಗಳಲ್ಲಿ ಮೋಟರಿನ ದಂಡಕ್ಕೆ 1.2 ಪಟ್ಟು ವ್ಯಾಸದ ರಾಟೆಯನ್ನು ಲೇತಿನಲ್ಲಿ ಕಡೆಸಿ ಕೂರಿಸಿದರೆ ವೇಗ ಸರಿಹೋಗುತ್ತದೆ. ನಡುವಿನ ರಬ್ಬರ್ ಚಕ್ರವನ್ನು ಉಜ್ಜುವುದರಿಂದಾಗಲಿ, ದೊಡ್ಡದು ಹಾಕುವುದರಿಂದಾಗಲಿ ವೇಗ ಬದಲಾಗದು. ದಂಡಕ್ಕೆ ಟೇಪು ಸುತ್ತುವ ಉಪಾಯವಂತೂ ಕೆಲವೇ ದಿನಗಳಲ್ಲಿ ಜಾರಿ, ಸ್ವರ ಅಲೆಯಲಾರಂಭಿಸುತ್ತದೆ. ಹಲ್ಲುಚಕ್ರಗಳಿರುವ ಯಂತ್ರಗಳಿಗೆ ಆವರ್ತನವನ್ನೇ 60 ಹರ್ಟ್ಸ್‌ಗೆ ಪರಿವರ್ತಿಸುವ ಸಾಧನ ಬೇಕು. ಅದು ದುಬಾರಿಯಾದರೂ, 60 ಹರ್ಟ್ಸ್‌ಗಾಗಿ ತಯಾರಾದ ಒಳಗಿನ ಟ್ರಾನ್ಸ್‌ಫಾರ್ಮರು 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುವುದನ್ನೂ ತಪ್ಪಿಸುವುದರಿಂದ ಅದೇ ಉತ್ತಮ ಪರಿಹಾರ.

ವೇಗ ಸರಿಯಿದ್ದು ಧ್ವನಿಯೇ ಬಾರದಿದ್ದರೆ, ಮೊದಲು ನೋಡಬೇಕಾದದ್ದು ಮ್ಯೂಟ್ ಸ್ವಿಚ್ಚು. ಯಂತ್ರವು ರೆಕಾರ್ಡನ್ನು ಹುಡುಕುತ್ತಿರುವಾಗ ಖಟಖಟ ಶಬ್ದ ಸ್ಪೀಕರಿಗೆ ಹೋಗದಂತೆ ಆಂಪ್ಲಿಫೈಯರಿನ ಬಾಯಿ ಮುಚ್ಚುವ ವ್ಯವಸ್ಥೆಯಿದು. ಇದರ ಸಂಪರ್ಕ ಬಿಂದುಗಳಿಗೆ ಕಿಲುಬು ಹತ್ತಿದರೆ ಅಥವಾ ಅವು ಬಾಗಿದರೆ, ಹಾಡು ಶುರುವಾದ ಮೇಲೂ ಮೌನ ಮುಂದುವರಿಯುತ್ತದೆ. ಸಂಪರ್ಕ ಶುದ್ಧಿಗೊಳಿಸುವ ದ್ರವದಲ್ಲಿ ನೆನೆಸಿದ ಗಟ್ಟಿ ಕಾಗದವನ್ನು ಬಿಂದುಗಳ ನಡುವೆ ಎಳೆದರೆ ಸಾಕು, ಮರಳು ಕಾಗದ ಬೇಡ. ಬಳಿಕ ಯಂತ್ರ ರೆಕಾರ್ಡು ನುಡಿಸುತ್ತಿರುವ ಸ್ಥಿತಿಯಲ್ಲಿಯೇ ಪಿಕಪ್ಪಿನ, ಅಂದರೆ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಭಾಗದ, ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಅದು ಕೂರುವ ಕುಳಿಯ ನಡುಬಿಂದುವಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಅದರ ಲೋಹಕ್ಕೆ ಬೆರಳು ಮುಟ್ಟಿಸಬೇಕು. ಜೋರಾದ ಗುಂಯ್ ಶಬ್ದ ಕೇಳಿದರೆ ಆಂಪ್ಲಿಫೈಯರು, ಸ್ಪೀಕರು ಎರಡೂ ಜೀವಂತವಾಗಿವೆ. ದೋಷವಿರುವುದು ಪಿಕಪ್ಪಿನಲ್ಲಿ ಅಥವಾ ಅದರ ತಂತಿಯಲ್ಲಿ.

ಧ್ವನಿ ಬಂದರೂ ಒಡೆದಂತಿದ್ದರೆ ಮುಳ್ಳನ್ನು ನೋಡಬೇಕು. 78 ಸುತ್ತಿನ ರೆಕಾರ್ಡಿನ ಅಗಲವಾದ ಗೀರಿಗೆ ಸುಮಾರು 76 ಮೈಕ್ರಾನ್ ತ್ರಿಜ್ಯದ ತುದಿ ಬೇಕಾದರೆ, ಮೊನೊ 45 ರೆಕಾರ್ಡಿಗೆ 25 ಮೈಕ್ರಾನ್ ತುದಿ ಸಾಕು. ಅದಲುಬದಲಾದರೆ ಹಾಡೂ ಕೆಡುತ್ತದೆ, ರೆಕಾರ್ಡೂ ಸವೆಯುತ್ತದೆ. ಸೀಬರ್ಗ್ ಯಂತ್ರಗಳಲ್ಲಿ ರೆಕಾರ್ಡು ನೆಟ್ಟಗೆ ನಿಂತು ತಿರುಗುವುದರಿಂದ ಮುಳ್ಳನ್ನು ಒತ್ತುವುದು ತೋಳಿನ ತೂಕವಲ್ಲ, ಸ್ಪ್ರಿಂಗು. ಅದರ ಬಿಗಿಯನ್ನು ಆ ಮಾದರಿಯ ಸರ್ವೀಸ್ ಪುಸ್ತಕದಲ್ಲಿ ಕೊಟ್ಟ ಪ್ರಮಾಣಕ್ಕೆ ಹೊಂದಿಸಬೇಕು.

ಸಂತತವಾದ ಗುಂಯ್‌ಗುಡುವಿಕೆಗೆ ಸಾಮಾನ್ಯ ಕಾರಣ, ಒಣಗಿದ ಫಿಲ್ಟರ್ ಕೆಪಾಸಿಟರುಗಳು. ಹಳೆಯದರ ಬೆನ್ನಿಗೆ ಹೊಸದನ್ನು ಜೋಡಿಸದೆ ಹಳೆಯದನ್ನು ಬಿಡಿಸಿ ತೆಗೆಯಬೇಕು. ಒಂದು ವಾಲ್ವಿನಿಂದ ಮುಂದಿನದಕ್ಕೆ ಧ್ವನಿಯನ್ನು ಮಾತ್ರ ಬಿಟ್ಟು ನೇರ ವಿದ್ಯುತ್ತನ್ನು ತಡೆಯಬೇಕಾದ ಮೇಣಕಾಗದದ ಕೆಪಾಸಿಟರು ಸೋರತೊಡಗಿದರೆ ಔಟ್‌ಪುಟ್ ವಾಲ್ವಿನ ನಿಯಂತ್ರಣ ಜಾಲರಿಯಾದ ಗ್ರಿಡ್ಡಿನಲ್ಲಿ ಧನ ವೋಲ್ಟೇಜು ಕಾಣಿಸಿಕೊಂಡು, ಧ್ವನಿ ಒಡೆಯುವುದರ ಜೊತೆಗೆ ವಾಲ್ವಿನ ಒಳಗಿನ ಲೋಹದ ಫಲಕ ಕೆಂಪಗೆ ಕಾಯುತ್ತದೆ. ಹೊಸ ವಾಲ್ವ್ ಹಾಕಿದವರು ಅದನ್ನು ಕಳೆದುಕೊಳ್ಳುವುದು ಹೀಗೆಯೇ.

ಉಳಿದ ದೋಷಗಳು ಸಣ್ಣವು. ವಾಲ್ಯೂಮ್ ತಿರುಗಿಸುವಾಗ ಬರುವ ಕರಕರ ಶಬ್ದ ಶುದ್ಧಿ ದ್ರವದ ಸಿಂಪಡಿಕೆಗೆ ಹೋಗುತ್ತದೆ. ಸ್ಪೀಕರಿನ ಕಾಗದದ ಶಂಕು ಹರಿದಿದ್ದರೆ ತೇಪೆ ಹಾಕಬಹುದು. ಆದರೆ ಸ್ಪೀಕರನ್ನು ಬಿಡಿಸಿಟ್ಟು ಯಂತ್ರ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟೀತು.