ಶೇಂಗಾ ಬೀಜದೊಳಗಿನ ಮದ್ದು ಮತ್ತು ವಿಷ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಶೇಂಗಾ ಬೆಳೆ ಹೊಸದಲ್ಲ. ಆದರೆ ಆ ಪುಟ್ಟ ಬೀಜದೊಳಗೆ ಏಡಿಗಂತಿ, ಎಂದರೆ ಕ್ಯಾನ್ಸರ್ ರೋಗಕ್ಕೆ ಸಂಬಂಧಿಸಿದ ಎರಡು ಕಥೆಗಳು ಅಡಗಿವೆಯೆಂಬುದನ್ನು ಎಷ್ಟು ಮಂದಿ ಬಲ್ಲರು?

ಮೊದಲನೆಯದು ಮದ್ದಿನ ಕಥೆ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಶತ್ರುವನ್ನು ನಿಂತಲ್ಲಿಯೇ ಎದುರಿಸಬೇಕು. ಬೂಷ್ಟು ತಾಗಿದೊಡನೆ ಶೇಂಗಾ ಬೀಜವು ರೆಸ್ವೆರಟ್ರಾಲ್ ಮುಂತಾದ ರಕ್ಷಕ ವಸ್ತುಗಳನ್ನು ತಯಾರಿಸುತ್ತದೆ. ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇರುವ ಈ ವಸ್ತು ಇಲಿಗಳ ಚರ್ಮದಲ್ಲಿ ಗಂತಿ ಬೆಳೆಯುವುದನ್ನು ತಗ್ಗಿಸಿತೆಂದು 1997ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಬಿಯರ್ ತಯಾರಿಕೆಗೆ ಬಳಸುವ ಹಾಪ್ಸ್ ಹೂವಿನ ಕ್ಸಾಂಥೋಹ್ಯೂಮಾಲ್ ಕೂಡ ಪ್ರಯೋಗಾಲಯದಲ್ಲಿ ಇಂಥದೇ ಗುಣವನ್ನು ತೋರಿದೆ.

ಹಾಗಾದರೆ ಶೇಂಗಾ ತಿಂದರೆ ರೋಗ ವಾಸಿಯಾದೀತೆ? ಲೆಕ್ಕ ಹಾಕಿ ನೋಡೋಣ. ಬೇಯಿಸಿದ ಕಾಯಿಯ ಒಂದು ಗ್ರಾಂ ಬೀಜದಲ್ಲಿ ಈ ವಸ್ತು ಸುಮಾರು 5 ಮೈಕ್ರೋಗ್ರಾಂ ಇರುವುದು. ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ದಿನಕ್ಕೆ ಕೊಟ್ಟ ಪ್ರಮಾಣ 5 ಗ್ರಾಂ. ಅಷ್ಟನ್ನು ಪಡೆಯಲು ನಾವು ದಿನವೊಂದಕ್ಕೆ 1,000 ಕಿಲೋಗ್ರಾಂ ಬೀಜ ತಿನ್ನಬೇಕು! ಮೇಲಾಗಿ, ನುಂಗಿದ ರೆಸ್ವೆರಟ್ರಾಲನ್ನು ಕರುಳೂ ಯಕೃತ್ತೂ ಬೇಗನೆ ಮಾರ್ಪಡಿಸಿಬಿಡುವುವು. ಮೂಲರೂಪದಲ್ಲಿ ರಕ್ತವನ್ನು ಸೇರುವುದು ಅತ್ಯಲ್ಪ. ಕೆಲವು ರೋಗಿಗಳ ಮೂತ್ರಪಿಂಡ ಕೆಟ್ಟುದರಿಂದ ಆ ಪರೀಕ್ಷೆಯೂ 2010ರಲ್ಲಿ ನಿಂತಿತು. ಆದುದರಿಂದ ಇದನ್ನು ಔಷಧವೆಂದು ಕರೆಯುವಂತಿಲ್ಲ.

ಎರಡನೆಯದು ವಿಷದ ಕಥೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿಯೇ ಅದಕ್ಕೆ ಕಾರಣವೆಂದು ತಿಳಿಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ಅಫ್ಲಾಟಾಕ್ಸಿನ್ ವಿಷವನ್ನುಂಟುಮಾಡಿತ್ತು. ಈ ವಿಷ ಮನುಷ್ಯನ ಯಕೃತ್ತಿನಲ್ಲಿ ಏಡಿಗಂತಿಯನ್ನು ಹುಟ್ಟಿಸಬಲ್ಲುದೆಂಬುದು ಇಂದು ನಿಸ್ಸಂದೇಹವಾದ ಸಂಗತಿ.

ಈ ಎರಡು ಕಥೆಗಳೂ ಬರಗಾಲದಲ್ಲಿ ಕೂಡುತ್ತವೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಬೀಜದ ತೇವ ಇಳಿದು, ರಕ್ಷಕ ವಸ್ತುವನ್ನು ತಯಾರಿಸುವ ಶಕ್ತಿ ಕುಂದುತ್ತದೆ. ಬೂಷ್ಟಾದರೋ ಅಷ್ಟು ಕಡಿಮೆ ತೇವದಲ್ಲಿಯೂ ಬೆಳೆಯುತ್ತದೆ. ಮಳೆ ಕಡಿಮೆಯಾದ ಈ ಸೀಮೆಗೆ ಇದು ದೂರದ ಮಾತಲ್ಲ.

ಮಾಡಬೇಕಾದುದೇನು? ಕಿತ್ತ ಕಾಯನ್ನು ಬೇಗನೆ ಚೆನ್ನಾಗಿ ಒಣಗಿಸಬೇಕು. ಸುಲಿಯಲು ಸುಲಭವಾಗಲೆಂದು ಅದಕ್ಕೆ ನೀರು ಚಿಮುಕಿಸಬಾರದು. ಸುಕ್ಕಿದ, ಒಡೆದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಬೇಕು. ಹುರಿದ ಮಾತ್ರಕ್ಕೆ ವಿಷ ಪೂರ್ತಿ ನಾಶವಾಗದು. ಅವನ್ನು ದನಗಳಿಗೂ ಹಾಕಬಾರದು. ವಿಷದ ಅಂಶ ಹಾಲಿಗೆ ಇಳಿಯುವುದು.

ಬೀಜದೊಳಗಿನ ಮದ್ದು ನಮ್ಮನ್ನು ಕಾಯುವುದೆಂದು ಇಂದು ಹೇಳಲಾಗದು. ಆದರೆ ಹೊರಗಿನಿಂದ ಬರುವ ವಿಷವನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಕಣದಲ್ಲಿ, ನಮ್ಮ ಮೊರದಲ್ಲಿಯೇ ಇದೆ.