ನೇರಳೆ ಹಳದಿಯಾದ ಮಾತ್ರಕ್ಕೆ

ಪ್ರಯೋಗಾಲಯದಲ್ಲಿ ಔಷಧೀಯ ಅಣಬೆಗಳ ಸಾರ ತೆಗೆದು, ಅವುಗಳ ಆ್ಯಂಟಿಆಕ್ಸಿಡೆಂಟ್ ಗುಣ ಅಳೆಯುವುದು ನನ್ನ ಕೆಲಸ. ಅದರಿಂದ ಕಲಿತ ಕೆಲವು ಪಾಠಗಳಿವು.

1. ಬಣ್ಣ ನೋಡಿ ಹಿಗ್ಗಬೇಡಿ. ಆ್ಯಂಟಿಆಕ್ಸಿಡೆಂಟ್ ಗುಣ ಅಳೆಯಲು ಬಳಸುವ ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ನೇರಳೆ ಹಣ್ಣಿನ ರಸದಂತೆ ಕಡುಬಣ್ಣದ್ದು. ಅಣಬೆಯ ಸಾರ ಬೆರೆಸಿ 30 ನಿಮಿಷ ಕತ್ತಲಲ್ಲಿಟ್ಟರೆ, ಸಾರದಲ್ಲಿ ಸತ್ವವಿದ್ದಷ್ಟೂ ಅದು ಹಳದಿಗೆ ತಿರುಗುತ್ತದೆ. ನೇರಳೆ ಬಣ್ಣದ ಆ ಇಳಿತವನ್ನು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತೇವೆ. ಆದರೆ ಗ್ಯಾನೊಡರ್ಮಾ ಎಂಬ ಔಷಧೀಯ ಅಣಬೆಯ ಸಾರವೇ ಡಿಕಾಕ್ಷನ್ನಿನ ಹಾಗೆ ಕಂದು. ಆ ಕಂದನ್ನು ಲೆಕ್ಕದಿಂದ ಕಳೆಯದೆ ಒಂದು ತಿಂಗಳ ಅಂಕಿಗಳನ್ನು ಬರೆದಿಟ್ಟಿದ್ದೆ. ಸಾರ ಇರುವುದಕ್ಕಿಂತ ದುರ್ಬಲವಾಗಿ ಕಂಡಿತ್ತು, ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಈಗ ಪ್ರತಿ ಮಾದರಿಯ ಪಕ್ಕದಲ್ಲೂ ಡಿಪಿಪಿಎಚ್ ಹಾಕದ, ಬರೀ ಸಾರದ ಒಂದು ನಳಿಕೆ ಇಡುತ್ತೇನೆ.

2. ಯಾವುದರಲ್ಲಿ ಸಾರ ತೆಗೆದಿರಿ ಎಂದು ಕೇಳಿ. ಅಣಬೆಯಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಂಶ ಕುದಿನೀರಿಗೆ ಇಳಿಯುತ್ತದೆ. ಟ್ರೈಟರ್ಪೀನ್ ಎಂಬ ಕಹಿ ಸಂಯುಕ್ತಗಳಿಗೆ ಆಲ್ಕೋಹಾಲ್ ಬೇಕು.

3. ತೋಟದ್ದನ್ನು ಕಿತ್ತು ಕಷಾಯ ಮಾಡಬೇಡಿ. ತೆಂಗಿನ ಬುಡ ಕೊಳೆಸುವ ಅಣಬೆ ರೋಗಕ್ಕೆ ಕಾರಣವೂ ಗ್ಯಾನೊಡರ್ಮಾ ಕುಲದ್ದೇ. ರೈತರೊಬ್ಬರು ಮೆರುಗೆಣ್ಣೆ ಬಳಿದಂತೆ ಹೊಳೆಯುವ ಒಂದನ್ನು ಚೀಲದಲ್ಲಿ ತಂದು, “ಮೇಡಂ, ಇದಕ್ಕೆ ಒಳ್ಳೇ ರೇಟಂತೆ, ಹೌದಾ?” ಎಂದರು. ಕುಲ ಒಂದೇ ಆದರೂ ಪ್ರಭೇದ ಬೇರೆ ಇರಬಹುದು, ಅದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಜೊತೆಗೆ ಅಣಬೆಗಳು ಲೋಹಗಳನ್ನು ಹೀರಿಟ್ಟುಕೊಳ್ಳುತ್ತವೆ. ಅವರ ಮರಗಳ ಬುಡಕ್ಕೋ ವರ್ಷಗಟ್ಟಲೆ ಮೈಲುತುತ್ತದ, ಅಂದರೆ ತಾಮ್ರವಿರುವ, ಬೋರ್ಡೋ ದ್ರಾವಣ ಬಿದ್ದಿತ್ತು.

4. ನಳಿಕೆಯೇ ಬೇರೆ, ದೇಹವೇ ಬೇರೆ. ನಳಿಕೆಯಲ್ಲಿ ಗೆದ್ದ ಎಷ್ಟೋ ವಸ್ತುಗಳು ಕರುಳಿನಿಂದ ರಕ್ತಕ್ಕೆ ದಾಟುವುದೇ ಇಲ್ಲ. ಅದಕ್ಕೇ ನನಗೆ ಅಣಬೆಗಳಲ್ಲಿರುವ ಎರ್ಗೊಥಿಯೊನೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಮೇಲೆ ವಿಶೇಷ ಗೌರವ. 1909ರಲ್ಲಿ ಫ್ರಾನ್ಸಿನ ಶಾರ್ಲ್ ಟಾನ್ರೆ ಇದನ್ನು ರೈ ಧಾನ್ಯದ ಎರ್ಗಟ್ ಶಿಲೀಂಧ್ರದಲ್ಲಿ ಕಂಡರು. ನಮ್ಮ ದೇಹ ಇದನ್ನು ತಯಾರಿಸಲಾರದು. ಆದರೂ ಇದನ್ನು ಜೀವಕೋಶದೊಳಕ್ಕೆ ಹೊತ್ತೊಯ್ಯುವ ಪ್ರೋಟೀನೊಂದು ನಮ್ಮಲ್ಲಿದೆ ಎಂಬುದು 2005ರಲ್ಲಿ ಗೊತ್ತಾಯಿತು. ಶಿಟಾಕೆ, ಚಿಪ್ಪು ಅಣಬೆಗಳಲ್ಲಿ ಇದು ಬಟನ್ ಅಣಬೆಗಿಂತ ಹೆಚ್ಚು. ಬೇಯಿಸಿದರೆ ಕೆಡುವುದಿಲ್ಲ, ನೀರಿಗೆ ಇಳಿಯುತ್ತದೆ, ಅಷ್ಟೇ.

5. ಮಾತ್ರೆ ಚೀಟಿ ನೋಡದೆ ಪುಡಿ ಹೇಳಬೇಡಿ. ನಮ್ಮ ಬೀದಿಯ ಹಿರಿಯರೊಬ್ಬರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಗ್ಯಾನೊಡರ್ಮಾ ಡಬ್ಬಿ ಹಿಡಿದು ಬಂದರು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯ ಜೊತೆ ಇದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು, ಡಾಕ್ಟರನ್ನು ಕೇಳದೆ ಮುಚ್ಚಳ ತೆಗೆಯಬೇಡಿ ಎಂದೆ.

“ಹಾಗಾದ್ರೆ ಏನು ತಿನ್ಲಮ್ಮಾ?”

“ಚಿಪ್ಪು ಅಣಬೆ ಸಾರು ಮಾಡಿಸ್ಕೊಳ್ಳಿ. ಬೇಯಿಸಿದ ನೀರು ಚೆಲ್ಲೋದು ಬೇಡ.”